ಮುಖ ಬರೆಯದ ಕೌಬಾಯ್

ನನ್ನ ಯಜಮಾನರು ಆರ್ವಿಲ್ ತೀರಿಕೊಂಡ ಮೇಲೆ, ನಮ್ಮ ಒಹಾಯೊದ ಮನೆಯ ನೆಲಮಾಳಿಗೆಯಲ್ಲಿದ್ದ ಅವರ ಮೇಜನ್ನು ನಾನು ಮುಟ್ಟಲಿಲ್ಲ. ಹಳೆಯ ಪ್ಲಾಸ್ಟಿಕ್ ಕೌಬಾಯ್ ಗೊಂಬೆಗಳನ್ನು ಕೊಂಡು ತಂದು, ಬಿಸಿನೀರಿನಲ್ಲಿ ಮೆತ್ತಗೆ ಮಾಡಿ ತಲೆ ಬದಲಿಸಿ, ಹೊಸ ಮುಖ ಬರೆಯುವುದು ಅವರ ಹುಚ್ಚು. ಕೊನೆಯದಕ್ಕೆ ಮುಖ ಬರೆಯುವ ಮೊದಲೇ ದೇವರು ಅವರನ್ನು ಕರೆದುಕೊಂಡ. ಅವರು ಕೈ ನಿಲ್ಲಿಸಿದ ಜಾಗ ಹಾಗೆಯೇ ಉಳಿಯಲಿ ಎಂಬುದೊಂದೇ ನನ್ನ ಆಸೆಯಾಗಿತ್ತು.

ಒಂದು ಬೆಳಿಗ್ಗೆ ನೋಡಿದರೆ ಆ ಗೊಂಬೆಗೆ ಹುಬ್ಬುಗಳು ಮೂಡಿದ್ದವು. ಮರುವಾರ ಕಣ್ಣುಗಳು. ಮನೆಯ ಇನ್ನೊಂದು ಬೀಗದಕೈ ಇದ್ದದ್ದು ಮೈದುನ ಮರ್ಲ್‌ನ ಬಳಿ. ಅವನನ್ನು ಕರೆಸಿ ಬೈದೆ.

"ನಿಮ್ಮಣ್ಣನ ಕೆಲಸಕ್ಕೆ ಕೈ ಹಾಕ್ಬೇಡ ಅಂತ ಎಷ್ಟು ಸಲ ಹೇಳ್ಲೋ?"

"ಅಯ್ಯೋ ಅತ್ತಿಗೆ, ನಾನು ಸೂಪಿನ ಚಮಚ ಹಿಡಿದ್ರೆ ಅರ್ಧ ಅಂಗಿ ಮೇಲಿರುತ್ತೆ. ಈ ಕೈಯಲ್ಲಿ ಹುಬ್ಬು ಬರೀತೀನಾ? ತಗೋ ನಿನ್ನ ಬೀಗದಕೈ!"

ಬೇಸತ್ತು, ಇನ್ನು ಯಾರೂ ಮುಟ್ಟದಿರಲೆಂದು ಭಾನುವಾರ ಗೊಂಬೆಯನ್ನು ಕೈಚೀಲಕ್ಕೆ ತುರುಕಿಕೊಂಡೇ ಚರ್ಚಿಗೆ ಹೋದೆ. ಪ್ರಾರ್ಥನೆಯ ನಡುವೆ ಪಕ್ಕದಲ್ಲಿ ಕುಳಿತ ಗೆಳತಿ ಓಪಲ್ ಮೂಗು ಮುಚ್ಚಿಕೊಂಡಳು.

"ಏನೇ ಇದು, ಬಣ್ಣದ ವಾಸನೆ? ಚರ್ಚಿಗೂ ಗಂಡನ ಡಬ್ಬಿ ಹೊತ್ಕೊಂಡು ಬಂದ್ಯಾ?"

ಚೀಲ ತೆರೆದೆ. ಒಳಗೆ ಕೈಯಿಟ್ಟರೆ ಹಿಮದಲ್ಲಿ ಇಟ್ಟಂತಿತ್ತು. ಗೊಂಬೆಗೆ ತುಟಿಗಳು ಬಂದಿದ್ದವು. ನನ್ನ ಬಿಳಿ ಕೈಗವಸಿಗೆ ಕೆಂಪು ಅಂಟಿತು.

"ರೀ, ಸಾಕು ಬಿಡಿ, ಪ್ರಾರ್ಥನೆ ಮಾಡೋಕಾದ್ರೂ ಬಿಡಿ" ಎಂದು ಪಿಸುಗುಟ್ಟಿ ಕಣ್ಣು ಮುಚ್ಚಿದೆ.

ಗೊಂಬೆ ಈಗ ನನ್ನ ಬೀರುವಿನಲ್ಲಿದೆ. ಆ ಬಗೆಯ ಬಣ್ಣ ಒಂದೇ ದಿನದಲ್ಲಿ ಒಣಗುತ್ತದೆಯಂತೆ. ಎರಡು ಚಳಿಗಾಲ ಕಳೆದವು. ಆ ತುಟಿಗಳು ಇನ್ನೂ ಹಸಿಯಾಗಿಯೇ ಇವೆ.