ಲೋಟದಲ್ಲಿ ಒಂಬತ್ತು ಹುಣಸೆ ಬೀಜ

"ನಲವತ್ತು ನಿಮಿಷದ ಕ್ಲಾಸಿನಲ್ಲಿ ಮೂವತ್ತೊಂದು ನಿಮಿಷ ನೀವೇ ಮಾತಾಡಿದ್ರಿ, ಮೇಡಂ!"

ನಯನಾಳ ಮುಖ ಕೆಂಪಾಯಿತು. ಹರಿಹರದ ಈ ಹೈಸ್ಕೂಲಿನಲ್ಲಿ ಆರು ವರ್ಷದಿಂದ ಇಂಗ್ಲಿಷ್ ಕಲಿಸುತ್ತಿದ್ದವಳಿಗೆ ಯಾರೂ ಹೀಗೆ ಹೇಳಿರಲಿಲ್ಲ.

"ಪಾಠ ನೋಡೋಕೆ ಬಂದ್ರೋ, ಗಡಿಯಾರ ನೋಡೋಕೆ ಬಂದ್ರೋ?"

"ಎರಡೂ ನೋಡಿದೆ ರೀ," ಎಂದು ಕೊಟ್ಟೂರೇಶ್ ನಕ್ಕ.

ಅವನು ದಾವಣಗೆರೆಯ ಶಾಮನೂರಿನಲ್ಲಿ ಇಂಗ್ಲಿಷ್ ಮೇಷ್ಟ್ರು. ಎರಡೂ ಊರಿನ ಇಂಗ್ಲಿಷ್ ಶಿಕ್ಷಕರು ಸೇರಿ ಒಂದು ಪದ್ಧತಿ ಮಾಡಿಕೊಂಡಿದ್ದರು. ಇಬ್ಬಿಬ್ಬರು ಜೊತೆಯಾಗಿ, ಒಬ್ಬರ ಪಾಠಕ್ಕೆ ಇನ್ನೊಬ್ಬರು ಹೋಗಿ ಕೂತು, ಕಂಡದ್ದನ್ನು ಬರೆದುಕೊಳ್ಳುವುದು. ತಿಂಗಳ ಕೊನೆಯ ಶನಿವಾರ ದಾವಣಗೆರೆಯ ವಿದ್ಯಾನಗರದಲ್ಲಿ ಹಿರಿಯ ಶಿಕ್ಷಕಿ ಪ್ರೇಮಲತಾ ಅವರ ಮನೆಯಲ್ಲಿ ಅದನ್ನು ಓದುವುದು.

ಮುಂದಿನ ಸಲ ಬಂದಾಗ ಅವನು ಅವಳ ಮೇಜಿನ ಮೇಲೆ ಕಲ್ಲುಸಕ್ಕರೆಯ ಪೊಟ್ಟಣ ಇಟ್ಟ.

"ನಿಮ್ಮ ಗಂಟಲು ಕಟ್ಟೈತೆ. ಅದಕ್ಕೇ ಅವತ್ತು ನಿಮಿಷ ಎಣಿಸಿದ್ದು."

ಮೂರನೇ ಸಲ ಅವನು ಬರುವ ದಿನ ಅವಳು ಬೆಳಗ್ಗೆಯಿಂದಲೇ ಗೇಟಿನ ಕಡೆ ನೋಡುತ್ತಿದ್ದಳು. 'ಇದೇನಾಯ್ತು ನಂಗೆ…'

ಆದರೆ ಆ ಶನಿವಾರ, ಪ್ರೇಮಲತಾ ಅವರ ಮನೆಯಲ್ಲಿ!

ಕೊಟ್ಟೂರೇಶ್ ನೋಟ್‌ಬುಕ್ ತೆರೆದು, "ಟೀಚರ್ ಮಾತೇ ಮುಗಿಯದ ಒಂದು ಕ್ಲಾಸಿನ ಬಗ್ಗೆ ಓದ್ತೀನಿ," ಎಂದ. ಎಲ್ಲರೂ ಗೊಳ್ಳೆಂದು ನಕ್ಕರು.

ನಯನಾ ಬ್ಯಾಗ್ ಎತ್ತಿಕೊಂಡು ಹೊರಟೇಬಿಟ್ಟಳು. ಹರಿಹರದ ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಅತ್ತಳು. 'ಎಷ್ಟು ನಂಬಿದ್ದೆ ಇವರನ್ನ… ಎಲ್ಲರ ಮುಂದೆ ಹಿಂಗೆ ಮಾಡೋದಾ?' ಅವನ ಫೋನನ್ನೂ ಎತ್ತಲಿಲ್ಲ.

"ನನ್ನ ಬೇರೆಯವರ ಜೊತೆ ಹಾಕ್ರಿ ಮೇಡಂ," ಎಂದು ಪ್ರೇಮಲತಾ ಅವರನ್ನು ಕೇಳಿಕೊಂಡಳು.

"ಹಾಕ್ತೀನಮ್ಮ. ಅವರು ಮೂರು ಸಲ ಬಂದ್ರು, ನೀನು ಒಂದು ಸಲಾನೂ ಹೋಗಿಲ್ಲ. ಮೊದಲು ಅವರ ಪಾಠ ನೋಡಿ ಬಂದು ಹೇಳು."

ಸೋಮವಾರ ಅವಳು ಶಾಮನೂರಿನ ಶಾಲೆಯ ಕೊನೆಯ ಬೆಂಚಿನಲ್ಲಿ ಮುಖ ಬಿಗಿದುಕೊಂಡು ಕೂತಳು.

ಮೊದಲ ಬೆಂಚಿನ ಹುಡುಗಿಯ ಮುಂದೆ ಒಂದು ಸ್ಟೀಲ್ ಲೋಟ. ಮೇಷ್ಟ್ರು ಒಂದು ನಿಮಿಷ ಮಾತಾಡಿದರೆ ಅದರೊಳಗೆ ಒಂದು ಹುಣಸೆ ಬೀಜ… ಟಣ್! ಸದ್ದಾದ ಕೂಡಲೇ ಕೊಟ್ಟೂರೇಶ್ ಬಾಯಿ ಮುಚ್ಚುವನು. ಮಕ್ಕಳೇ ಎದ್ದು ನಿಂತು ಹರಕುಮುರುಕು ಇಂಗ್ಲಿಷಿನಲ್ಲಿ ಅಂಜದೆ ಮಾತಾಡುವರು.

ಗಂಟೆ ಹೊಡೆಯಿತು.

"ಇವತ್ತು ಒಂಬತ್ತೇ ಮಿಸ್!" ಹುಡುಗಿ ಕುಣಿದಳು. "ಮೊದಲ ದಿನ ಮೂವತ್ತಾರು ಇದ್ವು. ಶನಿವಾರ ಟೀಚರ್‌ಗಳ ಮುಂದೆ ಸಾರ್ ಅದನ್ನೇ ಓದಿದ್ರಂತೆ!"

ನಯನಾ ತಟ್ಟನೆ ಕೊಟ್ಟೂರೇಶನ ಕಡೆ ತಿರುಗಿದಳು. ಅವನು ಓದಿದ್ದು ಅವಳ ಕ್ಲಾಸಿನ ಬಗ್ಗೆ ಅಲ್ಲ… ಅವನದೇ ಕ್ಲಾಸಿನ ಬಗ್ಗೆ!

ಮಕ್ಕಳು ಹೊರಗೆ ಹೋದ ಮೇಲೆ ಅವನು ನೋಟ್‌ಬುಕ್ಕಿನಲ್ಲಿ ಶನಿವಾರ ಓದಿದ್ದರ ಮುಂದಿನ ಪುಟ ತೆರೆದು ಅವಳ ಕೈಗಿಟ್ಟ.

'ಒಬ್ಬ ಹುಡುಗ ತಪ್ಪು ಇಂಗ್ಲಿಷ್ ಹೇಳಿದ. ಯಾರೂ ನಗಬಾರದೆಂದು ನಯನಾ ಮೇಡಂ ಅವನ ಪಕ್ಕದಲ್ಲೇ ಹೋಗಿ ನಿಂತರು. ಇದನ್ನು ನಾನು ಕಲಿಯಬೇಕು.'

"ಇದನ್ನೂ ಓದೋನಿದ್ದೆ. ಅಷ್ಟರಲ್ಲಿ ನೀವು ಎದ್ದು ಹೋದ್ರಿ."

"ಪೂರ್ತಿ ಕೇಳಲೇ ಇಲ್ಲ… ತಪ್ಪು ನಂದೇ ರೀ." ಅವಳ ಕಣ್ಣು ತುಂಬಿ ಬಂತು.

"ಬೇರೆಯವರ ಜೊತೆ ಹಾಕ್ರಿ ಅಂದ್ರಂತೆ?"

"ಅಂದಿದ್ದೆ. ಈಗಲೇ ಫೋನ್ ಮಾಡಿ ಬ್ಯಾಡ ಅಂತೀನಿ."

ಅವನು ಏನೋ ಹೇಳಹೊರಟವನು ಲೋಟದ ಕಡೆ ನೋಡಿ ಸುಮ್ಮನಾದ.

"ಹೇಳ್ರಿ. ಬೀಜ ಹಾಕೋಳು ಆಟಕ್ಕೆ ಹೋದ್ಲು."

"ಹಿಂಗೆ ಆಗೊಮ್ಮೆ ಈಗೊಮ್ಮೆ ನಿಮ್ಮನ್ನ ನೋಡಿದ್ರೆ ಸಾಲ್ತಿಲ್ಲ, ನಯನಾ… ನಿಮ್ಮನೆಗೆ ಅವ್ವನ್ನ ಕರ್ಕೊಂಡು ಬರ್ಲಾ?"

ಅವಳು ಲೋಟದ ಬೀಜಗಳನ್ನೆಲ್ಲ ಮೇಜಿನ ಮೇಲೆ ಸುರಿದಳು.

"ಬರ್ರಿ… ಇನ್ನೂ ಏನೇನು ಹೇಳೋದೈತೋ ಎಲ್ಲಾ ಹೇಳ್ರಿ. ಇವತ್ತು ಪೂರ್ತಿ ಕೇಳಿಯೇ ಏಳೋದು!"