ನೀರು ಬರುವವರೆಗೆ

"ಬೆಳಗ್ಗೆ ಏಳಕ್ಕೆ ಸಮುದ್ರ ಹಿಂದೆ ಸರಿಯುತ್ತೆ. ಹನ್ನೊಂದಕ್ಕೆ ವಾಪಸ್ ಬರುತ್ತೆ. ಅಷ್ಟರೊಳಗೆ ನಾವು ಏಳು ಕಿಲೋಮೀಟರ್ ಕೆಸರು ದಾಟಿ ಆ ಕಡೆ ಸೇರಿರಬೇಕು. ಏನಾದ್ರೂ ಕೇಳೋದಿದ್ಯಾ?" ಎಂದರು ಡಾಕ್ಟರು.

ನರ್ಸಮ್ಮನಿಗೆ ಕೇಳುವುದು ಬೇಕಾದಷ್ಟಿತ್ತು. ಕೇಳುವ ಬದಲು ಬಾಗಿ ಬೂಟಿನ ದಾರ ಬಿಗಿದಳು.

ಇಪ್ಪತ್ತೆರಡು ವರ್ಷದಿಂದ ಅವಳ ಲೋಕವೆಂದರೆ ಆಸ್ಪತ್ರೆಯ ಲಸಿಕೆ ಕೋಣೆ. ಒಂದು ಮೇಜು, ಒಂದು ಫ್ರಿಜ್ಜು, ಅಳುವ ಮಕ್ಕಳು, ಅವರಿಗಿಂತ ಜೋರಾಗಿ ಅಳುವ ಅಪ್ಪಂದಿರು. ಸಮುದ್ರದಾಚೆಯ ದ್ವೀಪವೊಂದರಲ್ಲಿ ಮಕ್ಕಳಿಗೆ ದಡಾರ ಹಬ್ಬಿದೆ, ಚಂಡಮಾರುತಕ್ಕೆ ಅಲ್ಲಿಯ ದೋಣಿಗಳೆಲ್ಲ ಪುಡಿಯಾಗಿವೆ, ಲಸಿಕೆ ಹಾಕಲು ಸ್ವಯಂಸೇವಕರು ಬೇಕು ಎಂದು ಡಾಕ್ಟರು ಕೇಳಿದಾಗ ಅವಳ ಕೈ ತಾನಾಗಿ ಮೇಲೆದ್ದಿತ್ತು. ಕೆಳಗಿಳಿಸುವಷ್ಟರಲ್ಲಿ ಅವರು ಹೆಸರು ಬರೆದುಕೊಂಡಾಗಿತ್ತು.

"ಬಸ್ಸಲ್ಲಿ ಕಿಟಕಿ ಪಕ್ಕ ಕೂತ್ರೂ ವಾಂತಿ ಮಾಡ್ಕೊಳ್ಳೋಳು ನೀನು. ಸಮುದ್ರ ದಾಟ್ತೀಯಾ?" ಎಂದು ಅತ್ತಿಗೆ ನಕ್ಕಿದ್ದಳು. ನಕ್ಕವಳೇ ಆಮೇಲೆ ಅಡುಗೆಮನೆಯಲ್ಲಿ ಕಣ್ಣೊರೆಸಿಕೊಂಡದ್ದನ್ನು ನರ್ಸಮ್ಮ ನೋಡಿದ್ದಳು.

ವಿಮಾನದಲ್ಲಿ ಹೇಗೋ ಕಣ್ಣು ಮುಚ್ಚಿ ಕೂತದ್ದಾಯಿತು. ಈ ದಡದಲ್ಲಿ ಕಣ್ಣು ಮುಚ್ಚುವ ಹಾಗಿರಲಿಲ್ಲ.

ತಂಡದಲ್ಲಿ ಮೂವರು. ಇಂಥ ಊರುಗಳನ್ನೆಲ್ಲ ಸುತ್ತಿ ಬೆನ್ನು ಬಾಗಿದ ಡಾಕ್ಟರು, ನರ್ಸಮ್ಮ, ಆಸ್ಪತ್ರೆಯ ಆಂಬುಲೆನ್ಸ್ ಓಡಿಸುವ ಡ್ರೈವರ್. ದಾರಿ ತೋರಿಸಲು ದ್ವೀಪದ ಒಬ್ಬ ಮುದುಕಿ ಬಂದಿದ್ದಳು. ಕೆಸರಲ್ಲಿ ಚಿಪ್ಪು ಆಯುವುದು ಅವಳ ಕಸುಬು. ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಉದ್ದನೆಯ ಹಲಗೆಯೊಂದನ್ನು ಹಿಂದೆ ಎಳೆದುಕೊಂಡು ನಡೆಯುತ್ತಿದ್ದಳು. ಅವಳ ಮಾತು ಡಾಕ್ಟರಿಗೆ ಅಷ್ಟಿಷ್ಟು ಅರ್ಥವಾಗುತ್ತಿತ್ತು, ಉಳಿದಿಬ್ಬರಿಗೆ ಒಂದಕ್ಷರವೂ ಇಲ್ಲ. ಡ್ರೈವರ್ ಮಾತ್ರ ಮೊದಲ ದಿನದಿಂದಲೇ "ಚಿಪ್ಪಜ್ಜಿ" ಎಂದು ಹೆಸರಿಟ್ಟು ಅವಳ ಜೊತೆ ಕನ್ನಡದಲ್ಲೇ ಹರಟುತ್ತಿದ್ದ.

ಏಳಕ್ಕೆ ಸರಿಯಾಗಿ ಹೊರಟರು. ನಿನ್ನೆ ಸಂಜೆ ಅಲೆ ಬಡಿಯುತ್ತಿದ್ದ ಜಾಗದಲ್ಲಿ ಈಗ ಬೂದಿ ಬಣ್ಣದ ಬಯಲು, ಕಣ್ಣು ಹಾಯಿಸಿದಷ್ಟು ದೂರ ಒದ್ದೆಯಾಗಿ ಹೊಳೆಯುತ್ತಿತ್ತು. ಅಲ್ಲಲ್ಲಿ ನೀರಿನ ಸಣ್ಣ ಕಾಲುವೆಗಳು ಹಾವಿನಂತೆ ಹೊರಳಿ ಸಮುದ್ರದ ಕಡೆ ಹರಿಯುತ್ತಿದ್ದವು. ಉಗುರಿನಷ್ಟು ಸಣ್ಣ ಏಡಿಗಳು ಹೆಜ್ಜೆಯ ಸದ್ದಿಗೆ ಸಾವಿರಗಟ್ಟಲೆ ಒಟ್ಟಿಗೆ ಬಿಲ ಹೊಗುತ್ತಿದ್ದವು. ನೆಲವೇ ಒಮ್ಮೆ ಮೈ ಕೊಡವಿದ ಹಾಗೆ ಕಾಣುತ್ತಿತ್ತು. ದೂರದಲ್ಲಿ ದ್ವೀಪ ಒಂದು ಕಪ್ಪು ಗೆರೆ. ದಾರಿಗೆಂದು ನೆಟ್ಟ ಗೂಟಗಳಲ್ಲಿ ಚಂಡಮಾರುತಕ್ಕೆ ಸಿಕ್ಕದೆ ಉಳಿದವು ಕೆಲವೇ.

"ಅಜ್ಜಿ ಕಾಲಿಟ್ಟಲ್ಲೇ ಕಾಲಿಡಿ. ಒಂದಡಿ ಆಚೀಚೆ ಆಗಬಾರದು" ಎಂದರು ಡಾಕ್ಟರು.

ನರ್ಸಮ್ಮನ ಹೆಗಲಿಗೊಂದು, ಡಾಕ್ಟರ ಹೆಗಲಿಗೊಂದು ಲಸಿಕೆ ಪೆಟ್ಟಿಗೆ. ಒಳಗೆ ಐಸಿನ ನಡುವೆ ಬೆರಳುದ್ದದ ಸೀಸೆಗಳು, ಮುಚ್ಚಳದ ಮೇಲೆ ಸಿರಿಂಜಿನ ಕಟ್ಟು. ಔಷಧ, ಬಟ್ಟೆಬರೆಯ ಹೊರೆ ಡ್ರೈವರನ ಬೆನ್ನ ಮೇಲೆ. ನರ್ಸಮ್ಮ ಅಜ್ಜಿಯ ಹಿಮ್ಮಡಿಯನ್ನೇ ನೋಡುತ್ತ ನಡೆದಳು. ಹೆಜ್ಜೆ ಎಣಿಸಿದಳು. ಎರಡು ಸಾವಿರಕ್ಕೆ ಲೆಕ್ಕ ತಪ್ಪಿ, ಮತ್ತೆ ಒಂದರಿಂದ ಶುರುಮಾಡಿದಳು.

ಅರ್ಧಕ್ಕಿಂತ ಹೆಚ್ಚು ದಾಟಿದ್ದರು. ಆಗ ಮಂಜು ಬಂತು.

ಮೊದಲು ದ್ವೀಪ ಮಾಯವಾಯಿತು. ಆಮೇಲೆ ಗೂಟ. ನೋಡನೋಡುತ್ತಿದ್ದಂತೆ ಹತ್ತು ಹೆಜ್ಜೆ ಮುಂದಿದ್ದ ಅಜ್ಜಿ ಬರೀ ನೆರಳಾದಳು. ಹಲಗೆ ಕೆಸರಿಗೆ ಉಜ್ಜುವ ಸರಸರ ಸದ್ದೊಂದೇ ಉಳಿಯಿತು.

"ನಿಲ್ಲಬೇಡಿ! ಸದ್ದು ಹಿಡ್ಕೊಂಡು ಬನ್ನಿ!" ಡಾಕ್ಟರು ಕೂಗಿದರು.

ಪೆಟ್ಟಿಗೆಯ ಪಟ್ಟಿ ಹೆಗಲಿನಿಂದ ಜಾರಿತು. ಅದನ್ನು ಸರಿಮಾಡಿಕೊಳ್ಳಲು ನರ್ಸಮ್ಮ ಪಕ್ಕಕ್ಕೆ ವಾಲಿದಳು. ಎಡಗಾಲು ನೆಲವಿರಬೇಕಾದ ಕಡೆ ನೆಲ ಸಿಗದೆ ಇಳಿಯಿತು. ಆಧಾರಕ್ಕೆಂದು ಬಲಗಾಲೂರಿದಳು. ಅದೂ ಇಳಿಯಿತು.

ಮೊಣಕಾಲು. ತೊಡೆ.

"ಅಣ್ಣಾ!" ಎಂದು ಚೀರಿದಳು. ತನಗಿಂತ ಚಿಕ್ಕವನಾದ ಡ್ರೈವರನನ್ನು ಅವಳು ಹಾಗೆ ಕರೆದದ್ದು ಅದೇ ಮೊದಲು.

ಅವನು ಹೊರೆ ಎಸೆದು ಓಡಿಬಂದು, ಅವಳ ಕಂಕುಳಿಗೆ ಕೈಹಾಕಿ ಜಗ್ಗಿದ. ಮಂಡಿಯಲ್ಲಿ ಏನೋ ಹರಿದಂತಾಗಿ ಅವಳಿಗೆ ಕಣ್ಣು ಕತ್ತಲಿಟ್ಟಿತು. ಅಷ್ಟರಲ್ಲಿ ಅಜ್ಜಿ ಬಂದವಳೇ ಅವನ ಕೈಗೆ ಪಟ್ಟನೆ ಹೊಡೆದಳು. ಪೆಟ್ಟಿಗೆ ಕಿತ್ತು ಡಾಕ್ಟರಿಗೆ ಕೊಟ್ಟಳು. ಹಲಗೆಯನ್ನು ನರ್ಸಮ್ಮನ ಎದೆಗೆ ತಾಗಿಸಿ ಹಾಸಿ, ಅದರ ಮೇಲೆ ಬಾಗಿಸಿ ಮಲಗಿಸಿದಳು. ಆಮೇಲೆ ಡಾಕ್ಟರಿಗೆ ಏನೋ ಹೇಳಿದಳು.

ಡಾಕ್ಟರು ಕೈಗಡಿಯಾರ ನೋಡಿಕೊಂಡರು.

"ಏನಂದ್ರು? ಹೇಳಿ ಡಾಕ್ಟ್ರೇ!"

"ಎಳೆದ್ರೆ ಮಂಡಿ ಕಿತ್ತುಬರುತ್ತಂತೆ ಸಿಸ್ಟರ್. ಕೆಸರು ಸಿಮೆಂಟಿನ ಹಾಗೆ ಹಿಡಿದಿದೆ. ಮೇಲೆ ನೀರು ಬಂದ್ರೇನೇ ಸಡಿಲ ಆಗೋದು."

"ಯಾವ ನೀರು?"

ಡಾಕ್ಟರು ಸಮುದ್ರದ ಕಡೆ ನೋಡಿದರು.

ನರ್ಸಮ್ಮನ ಹಲ್ಲು ಕಟಕಟ ಹೊಡೆದುಕೊಳ್ಳುತ್ತಿತ್ತು. ಆದರೂ ತಲೆಯ ಯಾವುದೋ ಮೂಲೆಯಲ್ಲಿ ಲಸಿಕೆ ಕೋಣೆಯ ನರ್ಸು ಎಚ್ಚರವಾಗಿದ್ದಳು.

"ಉಪ್ಪುನೀರು ಒಳಗೆ ಹೋದ್ರೆ ಎರಡು ಪೆಟ್ಟಿಗೇನೂ ದಂಡ. ನೀವು ಈಗಲೇ ಹೊರಡಿ."

"ನಿಮ್ಮನ್ನ ಬಿಟ್ಟು ಹೇಗೆ ಹೋಗ್ಲಿ?"

"ಇಲ್ಲಿ ನಿಂತು ನೀವೇನು ಮಾಡ್ತೀರಾ? ನಾನು ಮುಳುಗೋದನ್ನ ನೋಡ್ತೀರಾ? ಹೋಗಿ ಅಂದ್ನಲ್ಲ!" ಡಾಕ್ಟರ ಮೇಲೆ ದನಿಯೇರಿಸಿ ಮಾತಾಡಿದ್ದು ಅವಳ ಜನ್ಮದಲ್ಲೇ ಇಲ್ಲ.

ಅಜ್ಜಿ ತೋಳು ಚಾಚಿ ದಿಕ್ಕು ತೋರಿಸಿದಳು. ಡಾಕ್ಟರು ದಿಕ್ಸೂಚಿಯ ಮುಳ್ಳು ನೋಡಿಕೊಂಡು, ಎರಡೂ ಪೆಟ್ಟಿಗೆ ಹೊತ್ತು ಮಂಜಿನೊಳಗೆ ನಡೆದರು. ಅವರ ಹೆಜ್ಜೆಯ ಪಚಪಚ ಸ್ವಲ್ಪ ಹೊತ್ತು ಕೇಳಿ ನಿಂತುಹೋಯಿತು.

"ನೀನೂ ಹೋಗಪ್ಪ" ಎಂದಳು ನರ್ಸಮ್ಮ ಡ್ರೈವರನಿಗೆ.

"ಪೇಷೆಂಟ್ ಬಿಟ್ಟು ಖಾಲಿ ಗಾಡಿ ಓಡಿಸಿ ನನಗೆ ಅಭ್ಯಾಸ ಇಲ್ಲಕ್ಕ" ಎಂದ ಅವನು. ಮಾತು ತಮಾಷೆಯದು. ಆದರೂ ಹಲಗೆಯ ತುದಿಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡಿದ್ದ.

ಕಾಯುವುದಷ್ಟೇ ಉಳಿಯಿತು. ಕಾಲಿಗೆ ಹಿಡಿದ ಕೆಸರಿನ ತಣ್ಣನೆ ಹಿಡಿತ ನಿಧಾನಕ್ಕೆ ಸೊಂಟದವರೆಗೂ ಏರಿತು. ಕಾಲ್ಬೆರಳುಗಳಿವೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ. ಅಜ್ಜಿ ಎದುರಿಗೆ ಕುಕ್ಕರುಗಾಲಲ್ಲಿ ಕೂತು, ಅವಳ ತೊಡೆಯ ಸುತ್ತ ಕೈಯಿಂದ ತೋಡುತ್ತಿದ್ದಳು. ತೋಡಿದಷ್ಟೂ ಕೆಸರು ತುಂಬಿಕೊಳ್ಳುತ್ತಿತ್ತು. ಅಜ್ಜಿಯ ಮುಖದಲ್ಲಿ ಹೆದರಿಕೆಯಿದೆಯೇ ಎಂದು ನರ್ಸಮ್ಮ ಮತ್ತೆ ಮತ್ತೆ ನೋಡಿದಳು. ಏನೂ ಗೊತ್ತಾಗಲಿಲ್ಲ. ಸೂಜಿ ಹಿಡಿದ ತನ್ನ ಮುಖವನ್ನು ಮಕ್ಕಳು ಹೀಗೇ ನೋಡುತ್ತಿದ್ದರು.

ಆಮೇಲೆ ಸದ್ದು ಕೇಳಿಸಿತು. ಎಲ್ಲೋ ಯಾರೋ ಅಕ್ಕಿ ಕೇರುತ್ತಿರುವಂಥ ಸದ್ದು. ಮಂಜಿನಲ್ಲಿ ಅದು ಎಲ್ಲ ದಿಕ್ಕಿನಿಂದಲೂ ಬರುತ್ತಿತ್ತು.

"ಬಂತು" ಎಂದ ಡ್ರೈವರ್.

ಮೊದಲು ಬೆರಳಗಲದ ನೀರು, ನೊರೆಯ ಅಂಚಿಟ್ಟುಕೊಂಡು, ಸದ್ದಿಲ್ಲದೆ ಹಲಗೆಯ ಕೆಳಗೆ ನುಸುಳಿತು. ಐದು ನಿಮಿಷಕ್ಕೆ ಅಂಗೈ ಮುಳುಗಿತು. ಹಲಗೆ ತೇಲಿತು. ಹಲಗೆಯ ಮೇಲೆ ಎದೆಯಿಟ್ಟಿದ್ದ ನರ್ಸಮ್ಮನ ಗಲ್ಲಕ್ಕೆ ನೀರು ಚಿಮ್ಮಿತು. ಅವಳಿಗೆ ಈಜು ಬಾರದು. ಬಾಯಿಗೆ ಬಂದ ದೇವರನ್ನೆಲ್ಲ ಕರೆದಳು. ದೇವರು ಮುಗಿದ ಮೇಲೆ ಅತ್ತಿಗೆಯನ್ನು ಕರೆದಳು.

ಅಜ್ಜಿ ನೀರೊಳಗೆ ತೋಳನ್ನು ಭುಜದವರೆಗೆ ಇಳಿಸಿ ಅವಳ ಮೀನಖಂಡ ಹಿಡಿದಳು. ಇನ್ನೊಂದು ಕೈಯನ್ನು ಮೇಲೆತ್ತಿ ಮೀನಿನ ಬಾಲದಂತೆ ಆಡಿಸಿ ತೋರಿಸಿದಳು.

"ಕಾಲು ಆಡಿಸಿ ಅಂತಿದಾರೆ! ಎಳೀಬೇಡಿ, ಅಲ್ಲಾಡಿಸಿ!" ಎಂದು ಡ್ರೈವರ್ ಕೂಗಿದ.

ಆಡಿಸಿದಳು. ಏನೂ ಆಗಲಿಲ್ಲ. ನೀರು ಭುಜಕ್ಕೆ ಬಂತು. ಮತ್ತೆ ಆಡಿಸಿದಳು. ಹಿಮ್ಮಡಿಯ ಬಳಿ ತಣ್ಣನೆಯ ಒಂದು ಎಳೆ ನುಗ್ಗಿದಂತಾಯಿತು. ಬುಳಕ್ ಎಂದು ಗುಳ್ಳೆಯೊಂದು ಮೇಲೆ ಬಂತು. ಬಲಗಾಲು ಬಿಟ್ಟಿತು. ಎಡಗಾಲು ಬಿಡುವಷ್ಟರಲ್ಲಿ ಎರಡು ಸಲ ನೀರು ಕುಡಿದಿದ್ದಳು. ಬಿಟ್ಟಾಗ ಒಂದು ಬೂಟು ಅಲ್ಲೇ ಉಳಿಯಿತು.

"ಹಲಗೆ ಬಿಡ್ಬೇಡಿ ಅಕ್ಕ!"

ಬಿಡುವ ಮಾತೇ ಇರಲಿಲ್ಲ. ಸೊಂಟದುದ್ದ ನೀರಿನಲ್ಲಿ ಅಜ್ಜಿ ಹಲಗೆ ಎಳೆದಳು, ಡ್ರೈವರ್ ಹಿಂದಿನಿಂದ ತಳ್ಳಿದ. ಕಾಲುವೆಯೊಂದು ಅಡ್ಡ ಬಂದಾಗ ಮೂವರ ಕಾಲಿಗೂ ನೆಲ ಸಿಗಲಿಲ್ಲ. ಸೆಳವು ಅವರನ್ನು ಪಕ್ಕಕ್ಕೆ ಒಯ್ದಿತು. ಎತ್ತ ದಡ, ಎತ್ತ ಸಮುದ್ರ? ಅಜ್ಜಿ ತಲೆ ತಿರುಗಿಸಿ ತಿರುಗಿಸಿ ಹುಡುಕಿದಳು. ಆಗ ಮೊದಲ ಬಾರಿಗೆ ಅವಳ ಕಣ್ಣಲ್ಲಿ ಹೆದರಿಕೆ ಕಂಡು ನರ್ಸಮ್ಮನ ಜೀವ ಹಾರಿಹೋಯಿತು.

ಢಣ್. ಢಣ್. ಢಣ್.

ಎಡಗಡೆಯಿಂದ. ಪಾತ್ರೆಯ ಸದ್ದು. ಒಂದಾಗಿದ್ದದ್ದು ಹತ್ತಾಯಿತು, ಇಪ್ಪತ್ತಾಯಿತು. ದಡ ಮುಟ್ಟಿದ್ದ ಡಾಕ್ಟರು ಊರಿನವರನ್ನೆಲ್ಲ ಸೇರಿಸಿ ಪಾತ್ರೆ ಪಡಗ ಬಡಿಸುತ್ತಿದ್ದರು.

"ಒದೀರಿ ಅಕ್ಕ! ಕಾಲು ಒದೀರಿ!"

ನರ್ಸಮ್ಮ ಒದ್ದಳು. ಹರಿದ ಮಂಡಿಯಲ್ಲೂ ಒದ್ದಳು. ಮಂಜಿನೊಳಗಿಂದ ಕೈಗಳು ಬಂದವು. ಅವು ಅವಳನ್ನು ಹಲಗೆಯ ಸಮೇತ ಎತ್ತಿಕೊಂಡವು.

ಅವತ್ತೇ ಮಧ್ಯಾಹ್ನ ಎರಡೂವರೆಗೆ, ಯಾರದೋ ಒಣಬಟ್ಟೆ ಉಟ್ಟು, ಮಂಡಿಗೆ ಪಟ್ಟಿ ಸುತ್ತಿಕೊಂಡು, ಅವಳು ಶಾಲೆಯ ಕೋಣೆಯ ಬೆಂಚಿನ ಮೇಲೆ ಕೂತಳು. ಒಂದು ಲೋಟ ಬಿಸಿನೀರು ಕುಡಿದು, ಮೊದಲ ಸೀಸೆ ತೆರೆದಳು. ಐಸು ಇನ್ನೂ ಗಟ್ಟಿಯಾಗಿತ್ತು. ಅಜ್ಜಿ ತನ್ನ ಮೊಮ್ಮಗಳನ್ನು ಎತ್ತಿಕೊಂಡು ಸಾಲಿನ ಮೊದಲಿಗೇ ನಿಂತಿದ್ದಳು.

ಎಂಟು ದಿನದಲ್ಲಿ ಇನ್ನೂರ ಹದಿನಾಲ್ಕು ಮಕ್ಕಳಿಗೆ ಲಸಿಕೆಯಾಯಿತು. ಅವರು ಬರುವ ಮೊದಲೇ ಇಬ್ಬರು ಮಕ್ಕಳು ತೀರಿಕೊಂಡಿದ್ದರು. ಬಂದ ಮೇಲೆ ಯಾರೂ ಹೋಗಲಿಲ್ಲ. ಜ್ವರದಲ್ಲಿ ಕಣ್ಣು ಬಿಡಲಾರದೆ ಮಲಗಿದ್ದವರು ಒಬ್ಬೊಬ್ಬರಾಗಿ ಎದ್ದು ಗೋಡೆ ಹಿಡಿದು ನಡೆದರು.

ಒಂಬತ್ತನೆಯ ದಿನ ವಾಪಸಾಗಬೇಕಿತ್ತು. ದಾರಿ ಅದೇ. ಮಂಜಿಲ್ಲದ ಬೆಳಗಾದರೂ ನರ್ಸಮ್ಮನಿಗೆ ಹಿಂದಿನ ದಿನದಿಂದ ತುತ್ತು ಇಳಿದಿರಲಿಲ್ಲ. ಏಳು ಕಿಲೋಮೀಟರೂ ಅಜ್ಜಿಯ ಸೆರಗನ್ನು ಮುಷ್ಟಿಯಲ್ಲಿ ಹಿಡಿದೇ ನಡೆದಳು. ಅಜ್ಜಿಯೂ ಬಿಡಿಸಿಕೊಳ್ಳಲಿಲ್ಲ.

ಈಚೆ ದಡದ ಗಟ್ಟಿ ನೆಲ ಸಿಕ್ಕಿದ್ದೇ ಅವಳು ಧೊಪ್ಪನೆ ಕೂತುಬಿಟ್ಟಳು. ಅಜ್ಜಿ ಅವಳ ಎರಡೂ ಮೊಣಕಾಲನ್ನು ಒಮ್ಮೆ ಮುಟ್ಟಿ ನೋಡಿ, ತಲೆಯಾಡಿಸಿ, ನೀರು ಬರುವ ಮೊದಲು ಮನೆ ಸೇರಲು ಹಲಗೆ ಎಳೆದುಕೊಂಡು, ಈಗ ಒಬ್ಬಳೇ ಆದ್ದರಿಂದ ದುಪ್ಪಟ್ಟು ಬಿರುಸಾಗಿ, ತಿರುಗಿ ಹೊರಟಳು. ಅವಳು ಚುಕ್ಕಿಯಾಗುವವರೆಗೂ ಮೂವರೂ ನೋಡುತ್ತ ಕೂತರು.

ಫೋನಿಗೆ ಸಿಗ್ನಲ್ ಬಂದಾಗ ನರ್ಸಮ್ಮ ಮನೆಗೆ ಕರೆ ಮಾಡಿದಳು.

"ಕೆಲಸ ಆಯ್ತಾ?" ಎಂದಳು ಅತ್ತಿಗೆ.

"ಆಯ್ತು. ಎಲ್ಲಾ ಮಕ್ಕಳಿಗೂ ಹಾಕಿದ್ವಿ."

"ಹೆದರಿಕೆ ಆಯ್ತಾ?"

"ಅಯ್ಯೋ ಅತ್ತಿಗೆ, ಎಷ್ಟು ಅಂತೀಯಾ! ಜೀವ ಬಾಯಿಗೆ ಬಂದಿತ್ತು!" ಎಂದಳು ನರ್ಸಮ್ಮ. ದನಿ ಎಷ್ಟು ಜೋರಾಗಿತ್ತೆಂದರೆ, ಅಷ್ಟು ದೂರದಲ್ಲಿ ಸಾಮಾನು ಕಟ್ಟುತ್ತಿದ್ದ ಡಾಕ್ಟರು ತಿರುಗಿ ನೋಡಿ ನಕ್ಕರು.