ಬರ್ತೇನಿ ಅಂದ ದನಿ

ಹದಿನೆಂಟು ಸಿನಿಮಾದಾಗ ಪಾತ್ರ ಮಾಡೇನಿ. ಒಂದರಾಗೂ ದನಿ ನಂದಲ್ಲ. ‘ಮಂಜುಳಾ, ನಿಮ್ಮ ಸವಣೂರು ಮಾತು ಈ ಪಾತ್ರಕ್ಕೆ ಒಗ್ಗಲ್ಲ’ ಅಂತ ಪ್ರತಿ ಸಲ ಬ್ಯಾರೆಯವರ ಕಡಿಂದ ಡಬ್ಬಿಂಗ್ ಮಾಡಿಸಿದ್ರು. ಪಾತ್ರ ಕೈತಪ್ಪೀತು ಅಂತ ನಾನೂ ಬಾಯಿ ಮುಚ್ಕೊಂಡಿದ್ದೆ.

ಸವಣೂರಿನ ಮನಿ ಬಿಡೂಮುಂದ ಅಕ್ಕ ಮಲ್ಲಿಕಾನ ಜೋಡಿ ಜಗಳಾಡಿ, ‘ಹೋಗ್ತೇನಿ’ ಅಂದಿದ್ದೆ. ‘ಹಂಗ ಅನಬ್ಯಾಡ, ಬರ್ತೇನಿ ಅನ್ನು’ ಅಂತ ಆಕಿ ಬಾಗಲದಾಗ ನಿಂತು ಎರಡು ಸಲ ಹೇಳಿದ್ಳು. ನಾ ಅನ್ನಲಿಲ್ಲ. ಹನ್ನೊಂದು ವರ್ಷ ಆದಮ್ಯಾಲ, ಹೋದ ತಿಂಗಳು ವಾಪಸ್ ಬಂದೆ. ಆಕಿ ಮಣ್ಣಾಗಿ ಮೂರು ದಿನ ಆಗಿತ್ತು.

ಅವತ್ತ ಮಧ್ಯಾಹ್ನ ಊಟಾದ ಮ್ಯಾಲ ಆಕಿ ಗಂಡ ಕರಬಸಪ್ಪ ಭಾವ ಟಿವ್ಯಾಗ ನನ್ನ ಮೊದಲನೇ ಸಿನಿಮಾ ಹಚ್ಚಿದ್ರು. ಅಕ್ಕ ದಿನಾ ಇದನ್ನ ನೋಡ್ತಿದ್ಳಂತ. ನಾ ಆಕಿ ಕುರ್ಚಿ ಮ್ಯಾಲ ಕುಂತೆ. ಈಗಷ್ಟ ಯಾರೋ ಎದ್ದು ಹೋದಂಗ ಅದು ಬೆಚ್ಚಗಿತ್ತು.

ಟಿವ್ಯಾಗ ನಾ ಒಂದು ಹೊಸ್ತಿಲ ದಾಟಿ ಹೊರಳಿ ನೋಡಿದೆ. ಅಲ್ಲಿ ಇರೂ ಮಾತು ‘ನಾನು ಹೊರಟೆ’ ಅಂತ. ಅದನ್ನ ಆಡಿದಾಕಿ ಮೈಸೂರಿನ ಒಬ್ಬ ಹೆಣ್ಣಮಗಳು. ಆದ್ರ ನಂಗ ಕೇಳಿದ್ದು ನನ್ನ ದನಿ.

‘ಬರ್ತೇನಿ, ಅಕ್ಕಾ.’

ನನ್ನ ಹಿಂದ ಬಾಗಲದ ಅಗಳಿ ಸರಿದ ಸಪ್ಪಳಾತು. ಹೊರಳಿ ನೋಡಿದ್ರ ಯಾರೂ ಇರಲಿಲ್ಲ.

‘ಭಾವ, ಈ ಸಿನಿಮಾದಾಗ ದನಿ ನಂದಲ್ಲರಿ’ ಅಂದೆ.

ಅವರು ಟಿವಿಯಿಂದ ಕಣ್ಣು ತಗೀಲಿಲ್ಲ.

‘ನಿಂದ ಐತಲ್ಲವ್ವಾ, ಮೊದ್ಲಿಂದ. ನೀ ಹಿಂಗ ಬರ್ತೇನಿ ಅಂದಾಗೊಮ್ಮೆ ಆಕಿ ಎದ್ದು ಹೋಗಿ ಬಾಗಲಾ ತಗೀತಿದ್ಳು.’